ಊಟದ ಮೇಜಿಗೆ ಸೌದೆ ಬೆಂಕಿಯ ಪಾತ್ರೆಗಳು: ಮಣ್ಣಿನ ಆಯ್ಕೆಯಿಂದ ಕೊನೆಯ ಪರೀಕ್ಷೆಯವರೆಗೆ

ಸೌದೆಯಲ್ಲಿ ಸುಟ್ಟ ಬಟ್ಟಲಿನ ಮೈಮೇಲೆ ಬೆಂಕಿ ಹರಿದ ದಾರಿ ಕಾಣುತ್ತದೆ. ಜ್ವಾಲೆ ನೇರ ತಾಗಿದ ಕಡೆ ಕಿತ್ತಳೆ ಕೆಂಪು, ಪಕ್ಕದ ಪಾತ್ರೆಯ ಮರೆಯಲ್ಲಿದ್ದ ಕಡೆ ಮಾಸಲು ಕಂದು, ಹಾರಿ ಬಂದ ಬೂದಿ ಕರಗಿದ ಕಡೆ ಹಸಿರು ಛಾಯೆಯ ಗಾಜು. ಈ ಚೆಲುವಿಗೆ ಮನಸೋತೇ ಹೆಚ್ಚಿನವರು ಸೌದೆ ಆವಿಗೆಯ ಹತ್ತಿರ ಬರುತ್ತಾರೆ. ಆದರೆ ಅದೇ ಬೂದಿ ತಟ್ಟೆಯ ಒಳಗೆ ಅರೆಬರೆ ಕರಗಿ ಕೂತರೆ ಬೆರಳಿಗೆ ತರಿತರಿ ಸಿಗುತ್ತದೆ, ಚಮಚ ಕಿರುಗುಟ್ಟುತ್ತದೆ, ಎಷ್ಟು ತೊಳೆದರೂ ಜಿಡ್ಡು ಹೋಗುವುದಿಲ್ಲ. ಕಪಾಟಿನಲ್ಲಿಡುವ ಹೂದಾನಿಗೆ ಇದು ದೋಷವಾಗದು. ದಿನಕ್ಕೆರಡು ಬಾರಿ ಉಣ್ಣುವ ತಟ್ಟೆಗೆ ಇದು ದೊಡ್ಡ ದೋಷ.

ಹಾಗಾಗಿ ಈ ಬರಹದ ಉದ್ದಕ್ಕೂ ನಾನು ಹಿಡಿದಿರುವ ಸೂತ್ರ ಒಂದೇ: ಹೊರಮೈಯನ್ನು ಬೆಂಕಿಗೆ ಬಿಟ್ಟುಕೊಡಿ, ಒಳಮೈಯನ್ನೂ ತುಟಿ ತಾಗುವ ಅಂಚನ್ನೂ ಉಣ್ಣುವವರಿಗಾಗಿ ಕಾಯ್ದಿರಿಸಿ. ಮಣ್ಣು, ಆಕಾರ, ಗ್ಲೇಜ್ (ಪಾತ್ರೆಗೆ ಹಚ್ಚುವ ಗಾಜಿನ ಲೇಪ), ಆವಿಗೆಯೊಳಗಿನ ಜಾಗ, ಸುಡುವ ವೇಗ, ಎಲ್ಲವನ್ನೂ ಇದರಿಂದಲೇ ತೀರ್ಮಾನಿಸಬಹುದು. ತಿಗರಿಯ ಮೇಲೆ ಒಂದು ಲೋಟವನ್ನಾದರೂ ಎತ್ತಲು ಬರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಮಣ್ಣನ್ನು ಪರೀಕ್ಷಿಸದೆ ಒಂದು ಪಾತ್ರೆಯನ್ನೂ ಮಾಡಬೇಡಿ

ಸಾಮಾನ್ಯ ಕೆಂಪು ಜೇಡಿ 1000ರಿಂದ 1100 ಡಿಗ್ರಿ ಸೆಲ್ಸಿಯಸ್‌ನ ಹೊತ್ತಿಗೆ ಬೆಂದಿರುತ್ತದೆ, ಆದರೂ ಅದರೊಳಗೆ ಸೂಕ್ಷ್ಮ ರಂಧ್ರಗಳು ಉಳಿದಿರುತ್ತವೆ. ನೀರನ್ನು ತಂಪಾಗಿಡುವ ಹೂಜಿಗೆ ಆ ರಂಧ್ರಗಳೇ ಬೇಕು. ಊಟದ ಪಾತ್ರೆಗೆ ಅವು ಬೇಡ. ಸಾರಿನ ಎಣ್ಣೆ, ಹುಳಿ, ವಾಸನೆ ಎಲ್ಲ ಅಲ್ಲಿ ಸೇರಿಕೊಳ್ಳುತ್ತವೆ. ಅದೇ ಮಣ್ಣನ್ನು 1280 ಡಿಗ್ರಿಗೆ ಒಯ್ದರೆ ಹೆಚ್ಚಿನವು ಬಾಗಿ, ಉಬ್ಬಿ, ಕೊನೆಗೆ ಕರಗಿಯೇ ಹೋಗುತ್ತವೆ. ಸೌದೆ ಆವಿಗೆಯಲ್ಲಿ ಬೂದಿ ಕರಗಿ ಗಾಜಾಗಬೇಕಾದರೆ ಸುಮಾರು 1240 ಡಿಗ್ರಿಗಿಂತ ಮೇಲಿನ ಶಾಖ ಬೇಕು. ಆದ್ದರಿಂದ ನಮಗೆ ಬೇಕಾದದ್ದು 1250ರಿಂದ 1300 ಡಿಗ್ರಿಯಲ್ಲಿ ಗಟ್ಟಿಯಾಗುವ ಸ್ಟೋನ್‌ವೇರ್ ಮಣ್ಣು. ಅದರಲ್ಲಿ ಶಾಖ ತಡೆಯುವ ಜೇಡಿ, ಅಂಟು ಕೊಡುವ ಬಾಲ್ ಕ್ಲೇ, ಕರಗಿ ಕಣಗಳನ್ನು ಬೆಸೆಯುವ ಫೆಲ್ಡ್‌ಸ್ಪಾರ್, ಬೆಣಚುಕಲ್ಲಿನ ಪುಡಿ ಇರುತ್ತವೆ.

ಸೌದೆ ಸುಡುವಿಕೆಗೆಂದು ಮಾರುವ ಮಣ್ಣಿನಲ್ಲಿ ಸುಟ್ಟ ಮಣ್ಣಿನ ತರಿ, ಅಂದರೆ ಗ್ರಾಗ್, ಹೇರಳವಾಗಿ ಇರುವುದುಂಟು. ದೊಡ್ಡ ಜಾಡಿಗೆ ಅದರಿಂದ ಬಲ ಬರುತ್ತದೆ. ತಟ್ಟೆ ಲೋಟಗಳಿಗೆ ನಾನು ನುಣುಪಾದ ಮಣ್ಣನ್ನೇ ಆರಿಸುತ್ತೇನೆ. ಅಂಚಿನಲ್ಲಿ ಒಂದು ತರಿ ಎದ್ದು ನಿಂತರೂ ಪ್ರತಿ ಗುಟುಕಿಗೂ ತುಟಿಗೆ ತಾಗುತ್ತದೆ.

ಹೊಸ ಮಣ್ಣು ಬಂದ ಕೂಡಲೇ ಎರಡು ಪರೀಕ್ಷೆ ಮಾಡಿ. ಮೊದಲನೆಯದು ಕುಗ್ಗುವಿಕೆಯದು. ಸುಮಾರು 14 ಸೆಂ.ಮೀ. ಉದ್ದದ ಹಸಿ ಪಟ್ಟಿಯ ಮೇಲೆ ಸರಿಯಾಗಿ 10 ಸೆಂ.ಮೀ. ಗೆರೆ ಎಳೆದು, ಒಣಗಿಸಿ, ಪೂರ್ಣ ಶಾಖದಲ್ಲಿ ಸುಟ್ಟು ಮತ್ತೆ ಅಳೆಯಿರಿ. ಗೆರೆ 8.8 ಸೆಂ.ಮೀ.ಗೆ ಇಳಿದಿದ್ದರೆ ಮಣ್ಣು ಶೇ. 12ರಷ್ಟು ಕುಗ್ಗಿದೆ. ಸ್ಟೋನ್‌ವೇರ್‌ಗೆ ಶೇ. 10ರಿಂದ 13 ಸಹಜ. ಈ ಸಂಖ್ಯೆ ಗೊತ್ತಿದ್ದರೆ ಸುಟ್ಟ ಮೇಲೆ 26 ಸೆಂ.ಮೀ. ಇರಬೇಕಾದ ತಟ್ಟೆಯನ್ನು ತಿಗರಿಯ ಮೇಲೆ ಎಷ್ಟಗಲ ಮಾಡಬೇಕೆಂದು ಲೆಕ್ಕ ಹಾಕಬಹುದು: 26ನ್ನು 0.88ರಿಂದ ಭಾಗಿಸಿದರೆ 29.5.

ಎರಡನೆಯದು ನೀರು ಹೀರುವಿಕೆಯ ಪರೀಕ್ಷೆ. ಸುರಕ್ಷತೆಯ ದೃಷ್ಟಿಯಿಂದ ಇದು ಹೆಚ್ಚು ಮುಖ್ಯ. ಗ್ಲೇಜ್ ಇಲ್ಲದೆ ಪೂರ್ಣ ಶಾಖದಲ್ಲಿ ಸುಟ್ಟ ತುಂಡನ್ನು ಚೆನ್ನಾಗಿ ಒಣಗಿಸಿ ತೂಗಿ. ಐದು ಗಂಟೆ ನೀರಿನಲ್ಲಿ ಕುದಿಸಿ, ಅದೇ ನೀರಿನಲ್ಲಿ ಒಂದು ದಿನ ಬಿಟ್ಟು, ಮೇಲಿನ ತೇವ ಒರೆಸಿ ಮತ್ತೆ ತೂಗಿ. 200 ಗ್ರಾಂ ಇದ್ದದ್ದು 203 ಆದರೆ ಶೇ. 1.5ರಷ್ಟು ನೀರು ಹೀರಿದೆ ಎಂದರ್ಥ. ಶೇ. 2ಕ್ಕಿಂತ ಕಡಿಮೆಯಿದ್ದರೆ ಊಟದ ಪಾತ್ರೆಗೆ ನಡೆಯುತ್ತದೆ, 1ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. 4 ಅಥವಾ 5 ಬಂದರೆ ಗ್ಲೇಜ್ ಹಚ್ಚಿದರೂ ನೆಚ್ಚಿಕೊಳ್ಳಬೇಡಿ. ಗ್ಲೇಜಿನಲ್ಲಿ ಕೂದಲೆಳೆಯ ಬಿರುಕು ಬಿದ್ದ ದಿನ ಆ ಪಾತ್ರೆ ಸೋರಲು ತೊಡಗುತ್ತದೆ. ಜಪಾನಿನ ಬಿಜೆನ್ ಪಾತ್ರೆಗಳು ಗ್ಲೇಜ್ ಇಲ್ಲದೆಯೂ ಮೇಜಿಗೆ ಬರುತ್ತವಲ್ಲ ಎಂದು ಕೇಳುವವರಿದ್ದಾರೆ. ಬಹಳ ನುಣುಪಾದ ಆ ಮಣ್ಣನ್ನು ಹಲವು ದಿನಗಳ ಕಾಲ ನಿಧಾನವಾಗಿ ಸುಟ್ಟು ಒತ್ತಾಗಿಸುತ್ತಾರೆ. ನಿಮ್ಮ ಮಣ್ಣೂ ಅಷ್ಟು ಒತ್ತಾಗಿದೆಯೇ ಎಂಬುದನ್ನು ತಕ್ಕಡಿಯಲ್ಲಿ ನೋಡಿ ತಿಳಿಯಬೇಕು, ಕಣ್ಣಿನ ಅಂದಾಜು ಸಾಲದು.

ಆಕಾರ: ಕೈ, ತುಟಿ, ಚಮಚ, ತೊಳೆಯುವ ಬೆರಳು

ಮಣ್ಣನ್ನು ಚೆನ್ನಾಗಿ ನಾದಿ. ಗಾಳಿಗುಳ್ಳೆ ಹೋಗುವುದಷ್ಟೇ ಅಲ್ಲದೆ ಉಂಡೆಯ ಒಳಗೂ ಹೊರಗೂ ಒಂದೇ ಹದ ಬರಬೇಕು. ಬಳಿಕ ತೂಗಿ ಉಂಡೆ ಕಟ್ಟಿಡಿ. ಸಾಧಾರಣ ಲೋಟಕ್ಕೆ 350ರಿಂದ 400 ಗ್ರಾಂ, 15 ಸೆಂ.ಮೀ. ಬಟ್ಟಲಿಗೆ 700ರಿಂದ 800 ಗ್ರಾಂ, 26 ಸೆಂ.ಮೀ. ಊಟದ ತಟ್ಟೆಗೆ ಹೆಚ್ಚುಕಡಿಮೆ 2 ಕಿಲೋ. ಆರು ಪಾತ್ರೆಗಳ ಜೊತೆ ಬೇಕಿದ್ದರೆ ಎಂಟೋ ಒಂಬತ್ತೋ ಮಾಡಿ. ಸೌದೆ ಆವಿಗೆಯಲ್ಲಿ ಎರಡು ಪಾತ್ರೆ ಒಂದೇ ಬಣ್ಣಕ್ಕೆ ಬರುವುದಿಲ್ಲ. ಅಳತೆ ಮತ್ತು ತೂಕ ಒಂದೇ ಇದ್ದರೆ ಬಣ್ಣ ಬೇರೆಯಾದರೂ ಅವು ಒಂದೇ ಮನೆಯವು ಅನ್ನಿಸುತ್ತವೆ.

ತಟ್ಟೆ ಮಾಡುವಾಗ ತಳವನ್ನು ಒತ್ತಿ ಗಟ್ಟಿ ಮಾಡುವ ಕೆಲಸಕ್ಕೆ ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಿ. ಉಂಡೆಯನ್ನು ನಡುವಿಗೆ ತಂದು ಅಗಲಿಸಿದ ಮೇಲೆ ಮರದ ಅಥವಾ ರಬ್ಬರಿನ ಪಟ್ಟಿಯಿಂದ ನಡುವಿನಿಂದ ಹೊರಕ್ಕೆ, ಹೊರಗಿನಿಂದ ನಡುವಿಗೆ ಮತ್ತೆ ಮತ್ತೆ ಒತ್ತಿ. ಗೋಡೆ ಎತ್ತುವಾಗ ಅಲ್ಲಿನ ಮಣ್ಣು ತಾನಾಗಿ ಬಿಗಿಯಾಗುತ್ತದೆ, ತಳದ ಮಣ್ಣು ಸಡಿಲವಾಗಿಯೇ ಉಳಿಯುತ್ತದೆ. ಒಣಗುವಾಗ ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿ ನಟ್ಟನಡುವೆ ಹಾವಿನಂಥ ಬಿರುಕು ಬೀಳುತ್ತದೆ. ಎಷ್ಟೋ ಬಾರಿ ಅದು ಆವಿಗೆಯಿಂದ ಹೊರಬಂದ ಮೇಲೆ ಕಣ್ಣಿಗೆ ಬೀಳುತ್ತದೆ, ಅಷ್ಟರಲ್ಲಿ ಸೌದೆ, ಗ್ಲೇಜ್, ಶ್ರಮ ಎಲ್ಲ ಹೋಗಿರುತ್ತದೆ.

ತಿಗರಿಯ ಬೆರಳುಗೆರೆಗಳನ್ನು ಹೊರಗೆ ಉಳಿಸಿ, ಒಳಗೆ ಅಳಿಸಿ. ಒಳಗಿನ ಆಳದ ಗೆರೆಗಳಲ್ಲಿ ಅಗುಳು ಸಿಕ್ಕಿಕೊಳ್ಳುತ್ತದೆ. ಗೋಡೆಯೂ ತಳವೂ ಕೂಡುವ ಮೂಲೆ ಬೆರಳ ತುದಿ ಆಡುವಷ್ಟು ದುಂಡಾಗಿರಲಿ, ತೊಳೆಯುವವರ ಕೈ ಅಲ್ಲಿಗೆ ಹೋಗಬೇಕು. ಲೋಟದ ಅಂಚು ಸುಮಾರು 3 ಮಿ.ಮೀ. ದಪ್ಪ ಇದ್ದು, ಒದ್ದೆ ಚರ್ಮದ ತುಂಡು ಹಿಡಿದು ದುಂಡು ಮಾಡಿದ್ದಾಗಿರಬೇಕು. ಚೂಪು ಅಂಚಿನಿಂದ ಗ್ಲೇಜ್ ಜಾರುತ್ತದೆ, ಪೆಟ್ಟಿಗೆ ಬೇಗ ಚಕ್ಕೆ ಏಳುತ್ತದೆ. ತಟ್ಟೆಯ ಅಂಚನ್ನು ಕೊಂಚ ದಪ್ಪಗೆ, ತುಸು ಮೇಲಕ್ಕೆ ಬಿಡಿ. ಪೂರ್ಣ ಶಾಖದಲ್ಲಿ ಮಣ್ಣು ಮೆದುವಾದಾಗ ಅಗಲವಾದ ಅಂಚು ಕೆಳಗಿಳಿಯುತ್ತದೆ, ಆ ಇಳಿತವನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಅರ್ಧ ಒಣಗಿ, ಒತ್ತಿದರೆ ಬೆರಳು ಮೂಡದ ಹದಕ್ಕೆ ಬಂದಾಗ ಬೋರಲು ಹಾಕಿ ಅಡಿಯನ್ನು ಹೆರೆಯಿರಿ. ಅಡಿಬಳೆ ಅಗಲವಾಗಿದ್ದು ಒಳಹೊರ ಅಂಚುಗಳು ಇಳಿಜಾರಾಗಿದ್ದರೆ ಮೇಜಿನ ಮೇಲೆ ಗೀರು ಬೀಳುವುದಿಲ್ಲ. ದೊಡ್ಡ ತಟ್ಟೆಗೆ ಹೊರಬಳೆಯ ಜೊತೆ ನಡುವೆ ಇನ್ನೊಂದು ಚಿಕ್ಕ ಬಳೆಯನ್ನೂ ಬಿಡಿ, ಇಲ್ಲವಾದರೆ ತಳ ಜೋತು ಬೀಳುತ್ತದೆ. ಹಿಡಿ ಅಂಟಿಸುವುದಿದ್ದರೆ ಹಿಡಿಯೂ ಲೋಟವೂ ಒಂದೇ ಹದದಲ್ಲಿರಬೇಕು. ಎರಡೂ ಕಡೆ ಗೀರಿ, ಅದೇ ಮಣ್ಣಿನ ಕೆಸರು ಹಚ್ಚಿ, ಅದುಮಿ ಕೂಡಿಸಿ.

ಒಣಗಿಸುವಾಗ ಅವಸರ ಬೇಡ. ಅಂಚು ಮೊದಲು ಒಣಗುತ್ತದೆ, ತಳ ಕೊನೆಗೆ. ಅಂಚಿನ ಮೇಲೆ ಪ್ಲಾಸ್ಟಿಕ್ ಹೊದಿಸಿ ತಳಕ್ಕೆ ಗಾಳಿ ಬಿಡಿ, ತಟ್ಟೆಗಳನ್ನು ಆಗಾಗ ಮಗುಚಿ. ಕೆನ್ನೆಗೆ ತಾಗಿಸಿದಾಗ ತಂಪೆನಿಸಿದರೆ ಇನ್ನೂ ನೀರಿದೆ.

ಮೊದಲ ಸುಡುವಿಕೆ

ಹಸಿ ಪಾತ್ರೆಯನ್ನೇ ನೇರ ಸೌದೆ ಆವಿಗೆಗೆ ಇಡುವ ಹಳೆಯ ಕ್ರಮವಿದೆ. ಊಟದ ಪಾತ್ರೆಗಳಿಗೆ ಮಾತ್ರ ಬಿಸ್ಕ್ ಸುಡುವಿಕೆಯನ್ನು, ಅಂದರೆ ಗ್ಲೇಜ್ ಹಚ್ಚುವ ಮುಂಚಿನ ಸುಡುವಿಕೆಯನ್ನು, ಬಿಡಬೇಡಿ ಎನ್ನುತ್ತೇನೆ. 950ರಿಂದ 1000 ಡಿಗ್ರಿಗೆ ಸುಟ್ಟ ಪಾತ್ರೆ ಗ್ಲೇಜನ್ನು ಸಮನಾಗಿ ಹೀರುತ್ತದೆ, ಒಳಲೇಪ ಎಲ್ಲೂ ತೆಳುವಾಗದೆ ಕೂರುತ್ತದೆ. 120 ಡಿಗ್ರಿಯವರೆಗೆ ಬಲು ನಿಧಾನವಾಗಿ ಏರಿಸಿ, ಉಳಿದ ನೀರು ಹಬೆಯಾಗಿ ಸಿಡಿಯಬಾರದು. 573 ಡಿಗ್ರಿಯ ಆಸುಪಾಸಿನಲ್ಲಿ ಬೆಣಚುಕಲ್ಲಿನ ಹರಳು ಥಟ್ಟನೆ ಹಿಗ್ಗುತ್ತದೆ, ಅಲ್ಲಿಯೂ ತಾಳ್ಮೆ ಬೇಕು. 700ರಿಂದ 900ರ ನಡುವೆ ಮಣ್ಣಿನೊಳಗಿನ ಇಂಗಾಲ ಉರಿದು ಹೋಗಲು ಧಾರಾಳ ಗಾಳಿ ಬಿಡಿ. ಇಲ್ಲಿ ಉಳಿದ ಇಂಗಾಲವೇ ಮುಂದೆ ಪಾತ್ರೆಯ ಗೋಡೆಯಲ್ಲಿ ಗುಳ್ಳೆಯಾಗಿ ಉಬ್ಬುತ್ತದೆ.

ಒಳಮೈಗೆ ಗ್ಲೇಜ್

ಗ್ಲೇಜ್ ಎಂದರೆ ಪಾತ್ರೆಯ ಮೇಲೆ ಕರಗಿ ಕೂತ ಗಾಜು. ಗಾಜಾಗುವ ಸಿಲಿಕಾ, ಅದು ಜಾರದಂತೆ ಹಿಡಿಯುವ ಅಲ್ಯುಮಿನಾ, ಅದನ್ನು ಕರಗಿಸುವ ಕ್ಷಾರಗಳು ಸರಿಯಾದ ಪ್ರಮಾಣದಲ್ಲಿ ಇದ್ದರೆ ಮಾತ್ರ ಹುಳಿಗೂ ಸಾಬೂನಿಗೂ ತಡೆಯುವ ಗಾಜು ಸಿಗುತ್ತದೆ. ಒಳಲೇಪಕ್ಕೆ ಕುಂಬಾರರು ಬಹುಕಾಲದಿಂದ ಬಳಸುವ ಸರಳ ಮಿಶ್ರಣ ಒಂದಿದೆ: ಪೊಟ್ಯಾಶ್ ಫೆಲ್ಡ್‌ಸ್ಪಾರ್ 40 ಭಾಗ, ಬೆಣಚುಕಲ್ಲಿನ ಪುಡಿ 30, ಸುಣ್ಣಕಲ್ಲಿನ ಪುಡಿ 20, ಕೆಯೋಲಿನ್ ಎಂಬ ಬಿಳಿ ಜೇಡಿ 10. 1280 ಡಿಗ್ರಿಯ ಹೊತ್ತಿಗೆ ಇದು ತಿಳಿಯಾಗಿ ಕರಗುತ್ತದೆ. ಇದಕ್ಕೆ ಶೇ. 1ರಿಂದ 2ರಷ್ಟು ಕಬ್ಬಿಣದ ಆಕ್ಸೈಡ್ ಸೇರಿಸಿ ಆಮ್ಲಜನಕ ಕಡಿಮೆಯಿರುವ ಬೆಂಕಿಯಲ್ಲಿ ಸುಟ್ಟರೆ ತಿಳಿ ಹಸಿರು ಸೆಲಡಾನ್, ಶೇ. 8ರಿಂದ 10ರಷ್ಟು ಸೇರಿಸಿದರೆ ಕಡುಕಪ್ಪು ಟೆಮ್ಮೊಕು. ಆದರೂ ನಿಮ್ಮ ಮಣ್ಣಿನ ಮೇಲೆ, ನಿಮ್ಮ ಆವಿಗೆಯಲ್ಲಿ ಸಣ್ಣ ತುಂಡುಗಳನ್ನು ಸುಟ್ಟು ನೋಡಿದ ಮೇಲೆ ತಟ್ಟೆಗೆ ಹಾಕಿ.

ಸೀಸ ಮತ್ತು ಕ್ಯಾಡ್ಮಿಯಂ ಇರುವ ಯಾವ ವಸ್ತುವೂ ಕಾರ್ಖಾನೆಯ ಒಳಗೇ ಬರಬಾರದು. ಬೇರಿಯಂ ಬೇಡ. ತಾಮ್ರ, ಮ್ಯಾಂಗನೀಸ್, ಕ್ರೋಮಿಯಂ ಬಣ್ಣಗಳನ್ನು ಹೊರಮೈಗೆ ಇಟ್ಟುಕೊಳ್ಳಿ. ಮಂದ ಹೊಳಪಿನ ಗ್ಲೇಜುಗಳು ನೋಡಲು ಚೆಂದ, ಆದರೆ ಹಲವು ಮಂದ ಗ್ಲೇಜುಗಳಲ್ಲಿ ಸಿಲಿಕಾ ಕಡಿಮೆ. ಸ್ಟೀಲ್ ಚಮಚದ ಬೂದು ಗೆರೆಗಳು ಅವುಗಳ ಮೇಲೆ ಮೂಡಿ ಉಳಿಯುತ್ತವೆ. ಬೂದಿಯೇ ಹೆಚ್ಚಿರುವ ಗ್ಲೇಜಿನ ವಿಷಯದಲ್ಲೂ ಎಚ್ಚರ ಬೇಕು: ಸೌದೆ ಬೂದಿಯ ಬಹುಪಾಲು ಕ್ಯಾಲ್ಸಿಯಂ, ಅದು ಮಿತಿಮೀರಿದರೆ ನಿಂಬೆಹುಳಿ ತಾಗಿದ ಕಡೆ ಗಾಜಿನ ಹೊಳಪು ಕುಂದುತ್ತದೆ. ತಾನಾಗಿ ಬಿದ್ದು ಕರಗಿದ ಬೂದಿಗೂ ಇದೇ ಮಾತು. ಅದನ್ನು ಹೊರಗಿಡಬೇಕು ಎಂದು ನಾನು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಪುಡಿಗಳನ್ನು ನೀರಿಗೆ ಹಾಕಿ ನೆನೆಸಿ, 80 ಮೆಶ್ ಜರಡಿಯಲ್ಲಿ ಎರಡು ಬಾರಿ ಸೋಸಿ. 100 ಮಿ.ಲೀ. ಗ್ಲೇಜ್ 140ರಿಂದ 150 ಗ್ರಾಂ ತೂಗುವಂತೆ ನೀರು ಹೊಂದಿಸಿ. ಪಾತ್ರೆಯ ದೂಳನ್ನು ಒದ್ದೆ ಸ್ಪಂಜಿನಿಂದ ಒರೆಸಿ, ಒಳಗೆ ಗ್ಲೇಜ್ ಸುರಿದು ಸುತ್ತ ಹೊರಳಿಸಿ ಕೂಡಲೇ ಬಗ್ಗಿಸಿ. ಒಣಗಿದ ಲೇಪ ಸುಮಾರು 1 ಮಿ.ಮೀ. ದಪ್ಪ ಇರಬೇಕು, ಸೂಜಿಯಿಂದ ಒಂದು ಕಡೆ ಗೀರಿದರೆ ಗೊತ್ತಾಗುತ್ತದೆ. ಲೋಟವಾದರೆ ಬೋರಲು ಹಿಡಿದು ಅಂಚನ್ನು 1 ಸೆಂ.ಮೀ.ನಷ್ಟು ಅದ್ದಿ, ತುಟಿ ತಾಗುವ ಭಾಗ ಹೊರಗಿನಿಂದಲೂ ಮುಚ್ಚಿರಲಿ. ಅದರ ಕೆಳಗಿನ ಹೊರಮೈ ಬರಿದಾಗಿರಲಿ, ಅಥವಾ ಕೆಯೋಲಿನ್ ಹೆಚ್ಚಿರುವ ತೆಳು ಮಣ್ಣುಲೇಪ ಹಚ್ಚಿ. ಸೌದೆಯಿಂದೇಳುವ ಕ್ಷಾರದ ಆವಿ ಈ ಲೇಪದೊಡನೆ ಬೆರೆತಾಗ ಆ ಕಿತ್ತಳೆ ಕೆಂಪು ಹೊಮ್ಮುತ್ತದೆ. ಅಡಿಬಳೆಯ ಗ್ಲೇಜನ್ನು ಮೇಲಕ್ಕೆ 3-4 ಮಿ.ಮೀ.ವರೆಗೆ ಒರೆಸಿ ತೆಗೆಯಿರಿ.

ಒಣ ಪುಡಿ ಅಳೆಯುವಾಗಲೆಲ್ಲ ದೂಳು ಸೋಸುವ ಸರಿಯಾದ ಮಾಸ್ಕ್ ಹಾಕಿ. ಸಿಲಿಕಾ ದೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ತರುತ್ತದೆ, ಅದಕ್ಕೆ ಗುಣವಿಲ್ಲ. ನೆಲವನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಬೂದಿ ನೀರು ಚರ್ಮ ಸುಡುತ್ತದೆ, ಕೈಗವಸು ಬೇಕು.

ಆವಿಗೆ ಮತ್ತು ಸೌದೆ

ಜಪಾನಿನ ಅನಗಾಮಾ, ಇಳಿಜಾರಿನಲ್ಲಿ ಒಂದೇ ಉದ್ದನೆಯ ಸುರಂಗದಂತಿರುವ ಆವಿಗೆ, ದಿನಗಟ್ಟಲೆ ಸೌದೆ ಬೇಡುತ್ತದೆ ಮತ್ತು ಪಾತ್ರೆಗಳ ಮೇಲೆ ಬೂದಿಯ ಮಳೆಯನ್ನೇ ಸುರಿಸುತ್ತದೆ. ಊಟದ ಪಾತ್ರೆಗಳಿಗೆ ಅಷ್ಟು ಬೂದಿ ಬೇಕಿಲ್ಲ. ಜ್ವಾಲೆ ಮೇಲೆದ್ದು ಪಾತ್ರೆಗಳ ನಡುವೆ ಇಳಿದು ತಳದಿಂದ ಚಿಮಣಿಗೆ ಹೋಗುವ ಸಣ್ಣ ಆವಿಗೆ ನನ್ನ ಆಯ್ಕೆ. ಅದಕ್ಕೆ ಫ್ರೆಂಚ್ ತಂತ್ರಜ್ಞ ಎಮಿಲ್ ಬೂರಿ ಅವರ ಹೆಸರಿನ ಒಲೆಪೆಟ್ಟಿಗೆ ಜೋಡಿಸಿದರೆ ಕೆಲಸ ಹಗುರ. ಅದರಲ್ಲಿ ಕೊರಡುಗಳು ಇಟ್ಟಿಗೆಯ ಚಾಚುಗಳ ಮೇಲೆ ಅಡ್ಡ ಮಲಗಿರುತ್ತವೆ, ಗಾಳಿ ಮೇಲಿನಿಂದ ಬಂದು ಸೌದೆಯ ಮೂಲಕ ಕೆಳಕ್ಕೆ ಇಳಿಯುತ್ತದೆ, ಕೆಂಡ ಉದುರಿ ಗುಂಡಿಯಲ್ಲಿ ಉರಿಯುತ್ತದೆ. ಬೂದಿ ಹಿತಮಿತವಾಗಿ ಹಾರುತ್ತದೆ.

ಸ್ವಂತ ಆವಿಗೆ ಕಟ್ಟುವವರಿಗೆ ಚಿಮಣಿಯ ಲೆಕ್ಕ ಮುಖ್ಯ. ಜ್ವಾಲೆ ಕೆಳಕ್ಕಿಳಿಯುವ ಪ್ರತಿ ಒಂದು ಅಡಿಗೆ ಮೂರು ಅಡಿ, ಅಡ್ಡ ಹರಿಯುವ ಪ್ರತಿ ಮೂರು ಅಡಿಗೆ ಒಂದು ಅಡಿ ಎತ್ತರ ಎಂದು ಆವಿಗೆ ಕಟ್ಟುವವರು ಹಿಡಿಯುತ್ತಾರೆ. ಜ್ವಾಲೆ 4 ಅಡಿ ಇಳಿದು 6 ಅಡಿ ಅಡ್ಡ ಹೋಗುವುದಾದರೆ 14 ಅಡಿಯ ಚಿಮಣಿ. ಮೊದಲ ಬಾರಿಗೆ ಸ್ವಂತದ್ದು ಕಟ್ಟುವುದಕ್ಕಿಂತ ಅನುಭವಿಗಳ ಆವಿಗೆಯಲ್ಲಿ ಜಾಗ ಕೇಳಿ, ಸೌದೆ ಹಾಕುವ ಪಾಳಿಯಲ್ಲಿ ಕೈಜೋಡಿಸುವುದು ಲೇಸು.

ಸೌದೆ ಪೂರ್ತಿ ಒಣಗಿರಲಿ, ತೇವಾಂಶ ಶೇ. 20ಕ್ಕಿಂತ ಕೆಳಗಿರಬೇಕು. ಹಸಿ ಸೌದೆಯ ನೀರನ್ನು ಆವಿ ಮಾಡುವುದರಲ್ಲೇ ಶಾಖ ಖರ್ಚಾಗಿ 1150ರ ಸುತ್ತ ಆವಿಗೆ ನಿಂತುಬಿಡಬಹುದು. ಮಣಿಕಟ್ಟಿನ ದಪ್ಪದ ಸೀಳು, ಹೆಬ್ಬೆರಳ ದಪ್ಪದ ಸೀಳು ಎರಡನ್ನೂ ಬೇರೆ ಬೇರೆ ಒಟ್ಟಿಡಿ, ಸಣ್ಣವು ಕೊನೆಯ ಏರಿಗೆ ಬೇಕಾಗುತ್ತವೆ. ಬಣ್ಣ ಬಳಿದ, ಗೆದ್ದಲಿಗೆ ಮದ್ದು ಹಾಕಿದ ಮರ ಖಂಡಿತ ಬೇಡ. ಅದರ ಹೊಗೆಯೂ ಬೂದಿಯೂ ವಿಷ.

ಪಾತ್ರೆ ಜೋಡಿಸುವುದು

ಯಾವ ಪಾತ್ರೆ ಎಲ್ಲಿ ಕೂರುತ್ತದೆ ಎಂಬುದರಲ್ಲೇ ಅದರ ಅರ್ಧ ಹಣೆಬರಹ ತೀರ್ಮಾನವಾಗುತ್ತದೆ. ಒಲೆಯ ಬಾಯಿಗೆ ಹತ್ತಿರದ ಸಾಲಿಗೆ ಅತಿ ಹೆಚ್ಚು ಬೂದಿ ಬೀಳುತ್ತದೆ, ಅಲ್ಲಿ ಹೂಜಿ, ಮುಚ್ಚಳದ ಜಾಡಿ, ಒಳಗೆ ಬೂದಿ ಹೋಗದ ಕಿರುಬಾಯಿಯವು ಇರಲಿ. ಲೋಟಗಳನ್ನು ಅದರ ಹಿಂದೆ, ಬಟ್ಟಲುಗಳನ್ನು ನಡುವೆ ಇಡಿ. ತಟ್ಟೆಗಳು ಆಕಾಶಕ್ಕೆ ಮುಖ ಮಾಡಿ ಮಲಗುವುದರಿಂದ ಬಿದ್ದ ಬೂದಿಯೆಲ್ಲ ಅವುಗಳ ಒಡಲಲ್ಲೇ ಉಳಿಯುತ್ತದೆ. ಅವನ್ನು ಹಿಂಬದಿಯಲ್ಲಿ, ಮೇಲೆ ಇನ್ನೊಂದು ಶೆಲ್ಫ್ ಸೂರಿನಂತೆ ಮರೆ ಕೊಡುವ ತಗ್ಗಾದ ಅಂತರದಲ್ಲಿ ಜೋಡಿಸಿ. ಜ್ವಾಲೆ ಪಕ್ಕದಿಂದ ನುಸುಳಿ ಅಂಚಿಗೆ ಬಣ್ಣ ಕೊಡುತ್ತದೆ, ಒಳಗೆ ತರಿ ಬೀಳುವುದಿಲ್ಲ. ಒಂದೇ ಕಡೆಯಿಂದ ಬೆಂಕಿ ಬಡಿದರೆ ತಟ್ಟೆ ಸೊಟ್ಟಗಾಗುತ್ತದೆ ಎಂಬುದನ್ನೂ ನೆನಪಿಡಿ.

ಶೆಲ್ಫಿಗೆ ಅಲ್ಯುಮಿನಾ ಮತ್ತು ಕೆಯೋಲಿನ್ ಸಮಪಾಲು ಬೆರೆಸಿದ ಲೇಪ ಬಳಿಯಿರಿ. ಅದೇ ಮಿಶ್ರಣವನ್ನು ಗಟ್ಟಿಯಾಗಿ ಕಲಸಿ ಒಂದೂವರೆ ಸೆಂ.ಮೀ. ಉಂಡೆ ಮಾಡಿದರೆ ಅವೇ ವ್ಯಾಡ್‌ಗಳು, ಅಂದರೆ ಪಾತ್ರೆಯ ಕೆಳಗಿಡುವ ಕಾಲುಗಳು. ಇಲ್ಲಿ ಶೆಲ್ಫೂ ಪಾತ್ರೆಯೂ ಕ್ಷಾರದ ಆವಿಯಲ್ಲಿ ಮೀಯುವುದರಿಂದ ನೇರ ಇಟ್ಟರೆ ಎರಡೂ ಅಂಟಿಕೊಳ್ಳುತ್ತವೆ. ಲೋಟಕ್ಕೆ ಮೂರು, ತಟ್ಟೆಗೆ ಬಳೆಯ ಸುತ್ತ ಐದಾರು, ನಡುವೆ ಒಂದು. ಕಪ್ಪೆಚಿಪ್ಪಿನೊಳಗೆ ಈ ಮಿಶ್ರಣ ತುಂಬಿ ಕಾಲಾಗಿ ಇಡುವವರೂ ಇದ್ದಾರೆ. ಚಿಪ್ಪಿನ ಸುಣ್ಣ ಶಾಖಕ್ಕೆ ಬೆಂದು, ಆಮೇಲೆ ನೀರು ಸೋಕಿದಾಗ ಪುಡಿಯಾಗಿ, ಪಾತ್ರೆಯ ಮೇಲೆ ಗೆರೆಗೆರೆಯ ಅಚ್ಚು ಉಳಿಸುತ್ತದೆ. ಬಟ್ಟಲೊಳಗೆ ಬಟ್ಟಲು ಪೇರಿಸುವುದು ಜಾಗ ಉಳಿಸುತ್ತದಾದರೂ ಒಳಗೆ ಕಾಲಿನ ಕಲೆ ಬೀಳುತ್ತದೆ, ಉಣ್ಣುವ ಬಟ್ಟಲಿಗೆ ಅದು ಬೇಡ. ಪಾತ್ರೆಗಳ ನಡುವೆ 2 ಸೆಂ.ಮೀ.ನಷ್ಟಾದರೂ ದಾರಿ ಬಿಡಿ.

ಇಣುಕುಕಿಂಡಿಯ ಎದುರು, ಮೇಲೊಂದು ಕೆಳಗೊಂದು ಕೋನ್ ಸಾಲು ನಿಲ್ಲಿಸಿ. 1886ರಲ್ಲಿ ಜರ್ಮನಿಯ ಹರ್ಮನ್ ಸೇಗರ್ ರೂಪಿಸಿದ, ಬಳಿಕ ಅಮೆರಿಕದಲ್ಲಿ ಎಡ್ವರ್ಡ್ ಆರ್ಟನ್ ತಯಾರಿಸತೊಡಗಿದ ಈ ಮಣ್ಣಿನ ಮೊನೆಗಳು ಶಾಖವನ್ನಷ್ಟೇ ಅಲ್ಲದೆ ಆ ಶಾಖದಲ್ಲಿ ಕಳೆದ ಹೊತ್ತನ್ನೂ ಲೆಕ್ಕಕ್ಕೆ ಹಿಡಿದು ಬಾಗುತ್ತವೆ. ಕೋನಿನ ಸಂಖ್ಯೆ ಹೆಚ್ಚಿದಷ್ಟೂ ಅದು ಬಾಗಲು ಹೆಚ್ಚು ಶಾಖ ಬೇಕು. ಶಾಖ ಅಳೆಯುವ ಪೈರೋಮೀಟರ್ ಏರಿಳಿತ ತಿಳಿಯಲು ಒಳ್ಳೆಯದು, ಆದರೆ ಮುಗಿಸುವ ನಿರ್ಧಾರ ಕೋನ್ ನೋಡಿ ಮಾಡಿ. ಜೊತೆಗೆ ಕಿಂಡಿಯಿಂದ ಕಂಬಿ ಹಾಕಿ ಹೊರಗೆಳೆಯಲು ಬರುವಂತೆ, ಗ್ಲೇಜ್ ಹಚ್ಚಿದ ನಾಲ್ಕಾರು ಮಣ್ಣಿನ ಬಳೆಗಳನ್ನೂ ಇಡಿ.

ಬೆಂಕಿ

ಮೇಲೆ ಹೇಳಿದಂಥ ಸಣ್ಣ ಆವಿಗೆಗೆ 14ರಿಂದ 20 ಗಂಟೆ ಹಿಡಿಯುತ್ತದೆ. ಕನಿಷ್ಠ ಇಬ್ಬರು ಇರಲೇಬೇಕು. ದಣಿದವರ ಕೈಯಲ್ಲಿ ಬೆಂಕಿ ಸುರಕ್ಷಿತವಲ್ಲ. ಹತ್ತಿಯ ಉಡುಪು, ಚರ್ಮದ ಕೈಗವಸು, ಒಳಗೆ ಇಣುಕಲು ಅವಕೆಂಪು (ಇನ್‌ಫ್ರಾರೆಡ್) ಕಿರಣ ತಡೆಯುವ ಕನ್ನಡಕ, ಹತ್ತಿರದಲ್ಲಿ ನೀರಿನ ಪೈಪ್ ಮತ್ತು ಮರಳು, ಸುತ್ತ ಒಣಹುಲ್ಲು ಇಲ್ಲದ ನೆಲ, ಇವಿಷ್ಟು ಮೊದಲೇ ಸಿದ್ಧವಿರಲಿ. ಆವಿಗೆಯ ಮನೆ ನಾಲ್ಕೂ ಕಡೆ ತೆರೆದಿರಬೇಕು, ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಬೂದಿಗುಂಡಿಯ ಬಾಯಲ್ಲಿ ಪುಟ್ಟ ಬೆಂಕಿಯಿಂದ ಶುರು ಮಾಡಿ. ಬಿಸ್ಕ್ ಆದ ಪಾತ್ರೆಯಾದರೂ ಇಟ್ಟಿಗೆ, ವ್ಯಾಡ್, ಶೆಲ್ಫ್‌ಗಳಲ್ಲಿ ತೇವ ಇರುತ್ತದೆ. ಮೊದಲ ಎರಡು ಮೂರು ಗಂಟೆ 150 ಡಿಗ್ರಿ ದಾಟಿಸಬೇಡಿ. ಆಮೇಲೆ ಗಂಟೆಗೆ 100 ಡಿಗ್ರಿಯಂತೆ ಏರಿಸಿ. 600ರ ಮೇಲೆ ಒಳಗೆ ಮಂದ ಕೆಂಪು ಕಾಣತೊಡಗುತ್ತದೆ, ಆಗ ಬೆಂಕಿಯನ್ನು ಗುಂಡಿಯಿಂದ ಮೇಲಿನ ಚಾಚುಗಳಿಗೆ ದಾಟಿಸಿ ದಪ್ಪ ಸೌದೆ ಹಾಕಿ.

900 ಡಿಗ್ರಿಯ ಸುತ್ತ ಡ್ಯಾಂಪರನ್ನು, ಅಂದರೆ ಚಿಮಣಿಯ ಎಳೆತವನ್ನು ಹಿಡಿತದಲ್ಲಿಡುವ ಹಲಗೆಯನ್ನು, ಕೊಂಚ ಮುಚ್ಚಿ, ಸೌದೆ ತುಸು ಹೆಚ್ಚಿಸಿ ಮುಕ್ಕಾಲು ಗಂಟೆ ಆಮ್ಲಜನಕ ಕಡಿಮೆ ಮಾಡಿ. ಇಣುಕುಕಿಂಡಿಯಿಂದ ಮೆತ್ತನೆ ಜ್ವಾಲೆ ಹೊರಚಾಚಿದರೆ ಹದ ಸರಿಯಿದೆ. ಮಣ್ಣಿನಲ್ಲಿರುವ ಕಬ್ಬಿಣ ಈಗ ಬದಲಾಗಿ ಮೈಗೆ ಬೆಚ್ಚನೆಯ ಬಣ್ಣ ಬರುತ್ತದೆ. ಕಪ್ಪು ಹೊಗೆ ದಟ್ಟವಾಗಿ ಏಳುವಷ್ಟು ಮಾಡಬೇಡಿ. ಆ ಮಸಿ ಗ್ಲೇಜಿನೊಳಗೆ ಸಿಕ್ಕಿಬೀಳುತ್ತದೆ, ಮಣ್ಣು ಒಳಗೊಳಗೆ ಕಪ್ಪಾಗಿ ಬಲ ಕಳೆದುಕೊಳ್ಳುತ್ತದೆ.

ಇಲ್ಲಿಂದ 1200ರವರೆಗಿನ ದಾರಿಯನ್ನು ಲಯದಲ್ಲಿ ಸಾಗಿಸಬೇಕು. ಸೌದೆ ಹಾಕಿದೊಡನೆ ಹೊಗೆ ಏಳುತ್ತದೆ, ಶಾಖ ಸ್ವಲ್ಪ ಇಳಿಯುತ್ತದೆ. ಹೊಗೆ ತಿಳಿಯಾಗುತ್ತಿದ್ದಂತೆ ಶಾಖ ಏರುತ್ತದೆ. ಏರಿಕೆ ಮಂದವಾಗುವ ಹೊತ್ತಿಗೆ ಮುಂದಿನ ಸರದಿ. ಒಮ್ಮೆಗೇ ಹೆಚ್ಚು ತುರುಕದೆ ಸ್ವಲ್ಪ ಸ್ವಲ್ಪ, ಪದೇ ಪದೇ ಹಾಕಿ. ಗಡಿಯಾರ ನೋಡುವುದಕ್ಕಿಂತ ಚಿಮಣಿಯನ್ನೂ ಕಿಂಡಿಯನ್ನೂ ನೋಡುತ್ತ, ಒಲೆಯ ಗುಡುಗುಡು ಸದ್ದಿಗೆ ಕಿವಿಗೊಡುತ್ತ ಇದ್ದರೆ ಸರದಿಯ ಹೊತ್ತು ತಾನಾಗಿ ತಿಳಿಯುತ್ತದೆ.

1150ರಿಂದ 1220ರ ನಡುವೆ ಹಲವು ಬಾರಿ ಆವಿಗೆ ಮುಷ್ಕರ ಹೂಡುತ್ತದೆ. ಎಷ್ಟು ಹಾಕಿದರೂ ಮುಳ್ಳು ಮೇಲೇಳದು. ಇನ್ನಷ್ಟು ಸೌದೆ ಹಾಕಬೇಕು ಎಂದು ಕೈ ತುಡಿಯುತ್ತದೆ, ಹಾಕಬೇಡಿ. ಬಹುಪಾಲು ಸಂದರ್ಭದಲ್ಲಿ ಕೊರತೆಯಿರುವುದು ಗಾಳಿಯದು. ಗುಂಡಿಯಲ್ಲಿ ಕೆಂಡದ ರಾಶಿ ಬೆಳೆದು ಗಾಳಿಕಿಂಡಿ ಕಟ್ಟಿಕೊಂಡಿರುತ್ತದೆ. ಉದ್ದ ಕಬ್ಬಿಣದ ಸಲಾಕೆಯಿಂದ ಕೆಂಡ ಕೆದಕಿ, ಕೆಳಗಿನ ಗಾಳಿಕಿಂಡಿಗಳನ್ನು ತೆರೆಯಿರಿ, ಡ್ಯಾಂಪರ್ ಕೂದಲೆಳೆಯಷ್ಟು ತೆರೆಯಿರಿ, ಹೆಬ್ಬೆರಳ ದಪ್ಪದ ಸೀಳುಗಳಿಗೆ ಬದಲಾಯಿಸಿ. ಹತ್ತು ಹದಿನೈದು ನಿಮಿಷ ಕಾದು ನೋಡಿ ಮುಂದಿನ ಬದಲಾವಣೆ ಮಾಡಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಫಲ ಕೊಟ್ಟಿತೆಂದು ತಿಳಿಯದು.

ಕೋನ್ 9 ಬಾಗತೊಡಗಿದಾಗ ಒಳಗೆಲ್ಲ ಬಿಳಿಗೂಡಿದ ಹಳದಿ ಬೆಳಕು, ಪಾತ್ರೆಗಳ ಮೈ ಒದ್ದೆಯಾದಂತೆ ಮಿನುಗುತ್ತದೆ. ಮೇಲಿನ ಕೋನ್ ಬಾಗಿ ಕೆಳಗಿನದು ನಿಂತೇ ಇದ್ದರೆ ಡ್ಯಾಂಪರ್ ಸ್ವಲ್ಪ ತೆರೆದು ಜ್ವಾಲೆಯನ್ನು ಕೆಳಕ್ಕೆಳೆಯಿರಿ. ಎರಡೂ ಕಡೆ ಕೋನ್ 9 ಮಲಗಿ 10 ಬಾಗುವವರೆಗೆ, ಒಂದು ಅಥವಾ ಎರಡು ಗಂಟೆ, ಇದೇ ಶಾಖ ಹಿಡಿದು ನಿಲ್ಲಿಸಿ. ಮಣ್ಣು ಒತ್ತಾಗುವುದೂ ಒಳಲೇಪ ಸಮನಾಗಿ ಹರಡುವುದೂ ಈ ಹೊತ್ತಿನಲ್ಲಿ. ಬಳೆಯೊಂದನ್ನು ಎಳೆದು, ತಣಿಸಿ, ಬೆರಳಾಡಿಸಿ. ಗ್ಲೇಜ್ ನುಣುಪಾಗಿ ಗಾಜಿನಂತಿದ್ದರೆ ಕೊನೆಯ ಸೌದೆ ಪೂರ್ತಿ ಉರಿಯಲು ಬಿಟ್ಟು ಎಲ್ಲ ಬಾಯಿಗಳನ್ನೂ ಮುಚ್ಚಿ ಕೆಸರು ಮೆತ್ತಿ.

ತಣಿಯಲು ಎರಡು ದಿನವಾದರೂ ಕೊಡಿ. 573 ಮತ್ತು 226 ಡಿಗ್ರಿಗಳಲ್ಲಿ ಮಣ್ಣಿನೊಳಗಿನ ಹರಳುಗಳು ಕುಗ್ಗುತ್ತವೆ, ತಣ್ಣನೆ ಗಾಳಿ ಬಡಿದರೆ ಪಾತ್ರೆ ಟಣ್ಣೆಂದು ಸೀಳುತ್ತದೆ. ಕುತೂಹಲಕ್ಕೆ ಇಟ್ಟಿಗೆ ಸರಿಸಿ ನೋಡುವುದೂ ಬೇಡ. 100 ಡಿಗ್ರಿಗಿಂತ ಕೆಳಗಿಳಿದ ಮೇಲೆ ತೆರೆಯಿರಿ.

ಮೇಜಿಗೆ ಹೋಗುವ ಮುನ್ನ

ಕನ್ನಡಕ ಹಾಕಿಕೊಂಡು ವ್ಯಾಡ್‌ಗಳನ್ನು ತಟ್ಟಿ ಬಿಡಿಸಿ. ಅಡಿಬಳೆಯನ್ನು ಸಿಲಿಕಾನ್ ಕಾರ್ಬೈಡ್ ಕಲ್ಲಿನಿಂದ ನೀರು ಹಾಕುತ್ತ ಉಜ್ಜಿ. ಬಳಿಕ ಪ್ರತಿ ಪಾತ್ರೆಯ ಒಳಗೂ ಅಂಚಿನಲ್ಲೂ ಕಣ್ಣು ಮುಚ್ಚಿ ಬೆರಳಾಡಿಸಿ. ಕಣ್ಣಿಗೆ ಕಾಣದ ಚೂಪು ಬೆರಳಿಗೆ ಸಿಗುತ್ತದೆ.

ಪ್ರತಿಯೊಂದಕ್ಕೂ ನೀರು ತುಂಬಿ ಕಾಗದದ ಮೇಲೆ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಕಾಗದ ಒದ್ದೆಯಾಗಿದ್ದರೆ ಅದು ಸೋರುತ್ತಿದೆ. ಒಳಗೆ ಶಾಯಿ ಸವರಿ ಒರೆಸಿ, ಬಲೆಯಂಥ ಗೆರೆ ಉಳಿದರೆ ಗ್ಲೇಜಿನಲ್ಲಿ ಸೂಕ್ಷ್ಮ ಬಿರುಕಿದೆ. ಮುಂದಿನ ಸಲ ಗ್ಲೇಜಿನಲ್ಲಿ ಬೆಣಚುಕಲ್ಲಿನ ಪುಡಿ ಸ್ವಲ್ಪ ಹೆಚ್ಚಿಸಿ. ಪ್ರತಿ ಬಗೆಯಿಂದ ಒಂದನ್ನು ಪರೀಕ್ಷೆಗೆಂದೇ ತೆಗೆದಿಡಿ: ಅದರಲ್ಲಿ ನಿಂಬೆಹಣ್ಣಿನ ತುಣುಕು ಅಥವಾ ವಿನಿಗರ್ ಎರಡು ದಿನ ಇಟ್ಟು ತೊಳೆದು, ಹೊಳಪೋ ಬಣ್ಣವೋ ಬದಲಾಗಿದೆಯೇ ನೋಡಿ. ಬದಲಾಗಿದ್ದರೆ ಆ ಗ್ಲೇಜ್ ಊಟಕ್ಕೆ ಬಾರದು. ಬದಲಾಗದಿದ್ದ ಮಾತ್ರಕ್ಕೆ ಲೋಹ ಬಿಡುವುದಿಲ್ಲವೆಂದು ಸಾಬೀತಾಗುವುದಿಲ್ಲ. ಮಾರುವ ಉದ್ದೇಶವಿದ್ದರೆ ಪ್ರಯೋಗಾಲಯದಲ್ಲಿ ಲೋಹ ಸೋರಿಕೆಯ ಪರೀಕ್ಷೆ ಮಾಡಿಸಿ. ಅದೇ ಮಾದರಿಯನ್ನು ಫ್ರೀಜರಿನಲ್ಲಿ ರಾತ್ರಿ ಇಟ್ಟು ತೊಟ್ಟಿಯಲ್ಲಿ ಕುದಿನೀರು ಸುರಿದರೆ ಶಾಖದ ಏಟನ್ನು ತಡೆಯುತ್ತದೆಯೇ ಎಂಬುದೂ ಗೊತ್ತಾಗುತ್ತದೆ. ಇದನ್ನು ಮಾಡುವಾಗ ಕನ್ನಡಕ, ಕೈಗವಸು ಇರಲಿ.

ಅಂಚಿನಿಂದ ಗ್ಲೇಜ್ ಚಕ್ಕೆಯಾಗಿ ಏಳುತ್ತಿದ್ದರೆ ಆ ಪಾತ್ರೆಯನ್ನೂ ಅದರ ಜೊತೆಯವನ್ನೂ ಒಡೆದುಬಿಡಿ. ಗಾಜಿನ ಚೂರು ಊಟದಲ್ಲಿ ಸೇರುವ ಅಪಾಯ ಅದು, ಯಾರಿಗೂ ಉಚಿತವಾಗಿ ಕೂಡ ಕೊಡಬೇಡಿ. ತುಸು ಸೋರುವ ಬಟ್ಟಲು ಕೀಲಿಕೈ ಹಾಕಿಡಲು ಆದೀತು. ಒಳಗೆ ಬೂದಿ ತರಿ ಬಿದ್ದ ತಟ್ಟೆಯನ್ನು ಕಲ್ಲಿನಿಂದ ಉಜ್ಜಿ, ತೆಳುವಾಗಿ ಗ್ಲೇಜ್ ಹಚ್ಚಿ ಇನ್ನೊಮ್ಮೆ ಸುಡಬಹುದು. ಮೈಕ್ರೋವೇವಿನಲ್ಲಿ ಬಳಸುವವರು ಬರಿಪಾತ್ರೆಗೆ ಲೋಟ ನೀರು ಜೊತೆಗಿಟ್ಟು ಒಂದು ನಿಮಿಷ ಓಡಿಸಿ ನೋಡಲಿ, ಪಾತ್ರೆಯೇ ಕಾದರೆ ಅದರ ಮೈ ನೀರು ಕುಡಿದಿದೆ.

ಕೊನೆಗೆ, ಪಾತ್ರೆಗಳನ್ನು ಕಪಾಟಿಗೆ ಸೇರಿಸುವ ಮೊದಲೇ ಅವು ಆವಿಗೆಯಲ್ಲಿ ಕೂತಿದ್ದ ಜಾಗದ ನಕ್ಷೆ ಬರೆದು, ಯಾವ ಶೆಲ್ಫಿನಲ್ಲಿ ಬೂದಿ ಎಷ್ಟು ಬಿತ್ತು, ಯಾವ ಕೋನ್ ಎಷ್ಟು ಬಾಗಿತ್ತು, ಯಾವ ಹೊತ್ತಿಗೆ ಎಷ್ಟು ಸೌದೆ ಖರ್ಚಾಯಿತು ಎಂದು ಗುರುತು ಮಾಡಿಕೊಳ್ಳಿ. ಮುಂದಿನ ಸಲ ತಟ್ಟೆಗಳನ್ನು ಎಲ್ಲಿಡಬೇಕು ಎಂಬ ಪ್ರಶ್ನೆಗೆ ಉತ್ತರ ಆ ನಕ್ಷೆಯಲ್ಲೇ ಸಿಗುತ್ತದೆ.